ಬಿರುಬಿಸಿಲಲ್ಲಿ ಬೈಕ್ ಎಂಜಿನ್ ಅತಿಯಾಗಿ ಕಾಯದಿರಲು: ಆಯಿಲ್‌ನಿಂದ ಫ್ಯಾನ್‌ವರೆಗೆ

ಬಿಸಿಲು ಏರಿತೆಂದರೆ ಬೈಕ್ ಸವಾರರದ್ದು ಒಂದೇ ದೂರು: ಎಂಜಿನ್ ತುಂಬಾ ಹೀಟ್ ಆಗ್ತಿದೆ. ಬಿಸಿಲಿಗೆ ನಾಲ್ಕು ಬೈದು ಸುಮ್ಮನಾಗುವವರೇ ಹೆಚ್ಚು. ಆದರೆ ಸುಸ್ಥಿತಿಯಲ್ಲಿರುವ ಎಂಜಿನ್ ಬರೀ ಬಿಸಿಲಿನಿಂದಲೇ ಕೈಕೊಡುವುದು ಅಪರೂಪ. ಆಯಿಲ್ ತಳ ಮುಟ್ಟುವಷ್ಟು ಇಳಿದಿರುತ್ತದೆ, ಫಿನ್‌ಗಳ (ಸಿಲಿಂಡರ್ ಸುತ್ತಲಿನ ಲೋಹದ ತೆಳು ಪಟ್ಟಿಗಳ) ನಡುವೆ ಕೆಸರು ಒಣಗಿ ಗಟ್ಟಿಯಾಗಿರುತ್ತದೆ, ರೇಡಿಯೇಟರ್ ಫ್ಯಾನ್ ಎಂದೋ ನಿಂತಿರುತ್ತದೆ. ಹವೆ ತಂಪಾಗಿದ್ದಾಗ ಹೇಗೋ ನಡೆದುಹೋದ ಈ ಕೊರತೆಗಳನ್ನು ಬಿಸಿಲು ಬಯಲಿಗೆಳೆಯುತ್ತದೆ, ಅಷ್ಟೇ. ಹಾಗಾಗಿ ಮೊದಲು ನೋಡಬೇಕಾದದ್ದು ಆಕಾಶವನ್ನಲ್ಲ. ಎಂಜಿನ್ನಿನ ಬಿಸಿ ಹೊರಗೆ ಹೋಗುವ ದಾರಿ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನು.

ಬಿಸಿ ಹೊರಗೆ ಹೋಗುವ ದಾರಿ

ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಬೈಕ್ ಓಡಿಸಲು ಬಳಕೆಯಾಗುವುದು ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಬಿಸಿಯೇ. ಅದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಸೈಲೆನ್ಸರ್ ಮೂಲಕ ಹೊರಟುಹೋಗುತ್ತದೆ. ಉಳಿದದ್ದನ್ನು ಸಿಲಿಂಡರ್, ಅದರ ಮೇಲ್ಮುಚ್ಚಳವಾದ ಹೆಡ್ ಮತ್ತು ಆಯಿಲ್ ಸೇರಿ ಹೊರಗೆ ಸಾಗಿಸಬೇಕು. ಏರ್ ಕೂಲ್ಡ್ ಬೈಕಿನಲ್ಲಿ ಆ ಬಿಸಿಯನ್ನು ಗಾಳಿಗೆ ಕೊಡುವುದು ಫಿನ್‌ಗಳು. ಆಯಿಲ್ ಕೂಲರ್ ಇರುವ ಬೈಕಿನಲ್ಲಿ ಫಿನ್‌ಗಳ ಜೊತೆಗೆ ಆಯಿಲನ್ನೂ ಒಂದು ಚಿಕ್ಕ ಜಾಲರಿಯಲ್ಲಿ ಹರಿಸಿ ತಣಿಸುತ್ತಾರೆ. ಲಿಕ್ವಿಡ್ ಕೂಲ್ಡ್ ಆದರೆ ಕೂಲಂಟ್ (ಬಿಸಿ ಹೊರುವ ದ್ರವ), ಪಂಪ್, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಆ ದ್ರವಕ್ಕೆ ದಾರಿ ಬಿಡುವ ಬಾಗಿಲು), ರೇಡಿಯೇಟರ್ (ದ್ರವವನ್ನು ಗಾಳಿಗೆ ಆರಿಸುವ ಜಾಲರಿ), ಫ್ಯಾನ್ ಎಂಬ ಇಡೀ ಸಂಸಾರವೇ ಇರುತ್ತದೆ.

ಇಲ್ಲೊಂದು ಲೆಕ್ಕ ನೋಡಿ. ಬಿಸಿ ಎಷ್ಟು ಬೇಗ ಗಾಳಿಗೆ ಹೋಗುತ್ತದೆ ಎನ್ನುವುದು ಲೋಹಕ್ಕೂ ಗಾಳಿಗೂ ಇರುವ ಉಷ್ಣಾಂಶದ ಅಂತರವನ್ನು ಅವಲಂಬಿಸಿದೆ. ಫಿನ್ 180 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದುಕೊಳ್ಳಿ. ಹೊರಗೆ 25 ಡಿಗ್ರಿ ಇದ್ದಾಗ ಅಂತರ 155. ಹೊರಗೆ 42 ಆದರೆ 138. ನಷ್ಟ ಹತ್ತರಲ್ಲಿ ಒಂದು ಪಾಲು ಮಾತ್ರ. 95 ಡಿಗ್ರಿಯ ಕೂಲಂಟ್ ಇರುವ ರೇಡಿಯೇಟರ್‌ಗೆ ಇದೇ ಲೆಕ್ಕ ಹಾಕಿದರೆ 70ರ ಅಂತರ 53ಕ್ಕೆ ಇಳಿಯುತ್ತದೆ, ಅಂದರೆ ಸುಮಾರು ಕಾಲು ಭಾಗ ಖೋತಾ. ಏರ್ ಕೂಲ್ಡ್ ಬೈಕಿಗೆ ಬಿಸಿ ಗಾಳಿಗಿಂತ ನಿಂತ ಗಾಳಿಯೇ ದೊಡ್ಡ ಶತ್ರು ಎನ್ನುವುದು ಇದಕ್ಕೇ. ಲಿಕ್ವಿಡ್ ಕೂಲ್ಡ್ ಬೈಕ್ ನಿಂತಲ್ಲೂ ಫ್ಯಾನ್ ತಿರುಗಿಸಿ ತಡೆದುಕೊಳ್ಳುತ್ತದೆ, ಆದರೆ ಬಿಸಿಲ ದಿನ ಅದರ ರೇಡಿಯೇಟರ್‌ನಲ್ಲಿ ಸಣ್ಣ ಕೊರತೆ ಇದ್ದರೂ ಬೇಗ ಎದ್ದು ಕಾಣುತ್ತದೆ. ನಿಮ್ಮದು ಯಾವ ಬಗೆ ಎಂದು ತಿಳಿದುಕೊಂಡರೆ ಎಲ್ಲಿಗೆ ಮೊದಲು ಕೈ ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ನಿಜಕ್ಕೂ ಓವರ್‌ಹೀಟ್ ಆಗಿದೆಯೇ?

ತೊಡೆಗೆ ಕಾವು ತಟ್ಟಿದರೆ, ಟ್ರಾಫಿಕ್‌ನಲ್ಲಿ ಫ್ಯಾನ್ ಜೋರಾಗಿ ಸದ್ದು ಮಾಡಿದರೆ ಅದು ಓವರ್‌ಹೀಟ್ ಅಲ್ಲ. ಫ್ಯಾನ್ ತಿರುಗುತ್ತಿದೆ ಎಂದರೆ ಅದರ ಕೆಲಸ ಅದು ಮಾಡುತ್ತಿದೆ. ಗಾಡಿ ನಿಲ್ಲಿಸಿದ ಮೇಲೆ ಸೈಲೆನ್ಸರ್ ಕಡೆಯಿಂದ ಬರುವ ಟಿಣ್ ಟಿಣ್ ಸದ್ದೂ ಲೋಹ ಆರಿ ಕುಗ್ಗುವುದರಿಂದ ಬರುವುದು, ಹೆದರಬೇಕಿಲ್ಲ.

ಗಮನ ಕೊಡಬೇಕಾದ ಲಕ್ಷಣಗಳು ಬೇರೆ. ಎಂದಿನ ಏರಿನಲ್ಲೇ ಪಿಕಪ್ ಇಲ್ಲದಂತಾಗುವುದು, ಆಕ್ಸಿಲರೇಟರ್ ತಿರುಗಿಸಿದಾಗ ಹೆಡ್ಡಿನೊಳಗೆ ಗೋಲಿ ಕುಲುಕಿದಂಥ ಕಟಕಟ ಸದ್ದು, ಗಾಡಿ ಕಾದ ಮೇಲೆ ಮಾತ್ರ ನ್ಯೂಟ್ರಲ್ ಸಿಗದಿರುವುದು, ಐಡ್ಲಿಂಗ್ ಏರುಪೇರಾಗುವುದು, ಸುಟ್ಟ ಆಯಿಲ್ ವಾಸನೆ, ಇಲ್ಲವೇ ಕೂಲಂಟ್ ಸೋರುವಾಗಿನ ಸಿಹಿ ವಾಸನೆ, ಮತ್ತು ಟೆಂಪರೇಚರ್ ದೀಪ. ದೀಪ ಹತ್ತಿದ ಮೇಲೆ ಚರ್ಚೆಯೇ ಬೇಡ.

ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಅಳೆಯುವವರಿಗೊಂದು ಎಚ್ಚರಿಕೆ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಕಪ್ಪು ಬಣ್ಣ ಬಳಿದ ಜಾಗಕ್ಕೆ ಗುರಿಯಿಡಿ. ಪ್ರತಿ ಸಲ ಅದೇ ಜಾಗವನ್ನು ಅಳೆದು, ಹಿಂದಿನ ಅಳತೆಗಿಂತ ಎಷ್ಟು ಹೆಚ್ಚಿದೆ ಎಂದು ಹೋಲಿಸಿ. ಒಂಟಿ ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ.

ಹಂತ 1: ಆಯಿಲ್

ಎಲ್ಲಕ್ಕಿಂತ ಮೊದಲು ಇದು, ಯಾವ ಬಗೆಯ ಬೈಕೇ ಇರಲಿ. ಆಯಿಲ್ ಅಂದರೆ ಜಾರಿಕೆಗೆ ಮಾತ್ರ ಎಂದುಕೊಂಡವರಿದ್ದಾರೆ. ಪಿಸ್ಟನ್ನಿನ ತಳ, ಬೇರಿಂಗ್, ಕ್ಲಚ್ ಪ್ಲೇಟ್ ಇವುಗಳ ಬಳಿ ಗಾಳಿಯೂ ಸುಳಿಯುವುದಿಲ್ಲ, ಕೂಲಂಟೂ ಸುಳಿಯುವುದಿಲ್ಲ. ಅಲ್ಲಿನ ಬಿಸಿಯನ್ನು ಹೊತ್ತು ತರುವುದು ಆಯಿಲ್ ಒಂದೇ. ಒಂದು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ 300 ಮಿಲಿ ಕಡಿಮೆಯಾಯಿತೆಂದರೆ ಉಳಿದ 700 ಮಿಲಿ ಅಷ್ಟೇ ಬಿಸಿಯನ್ನು ಹೊರಬೇಕು, ಅಷ್ಟು ಬೇಗ ಸುಟ್ಟು ಸವೆಯಬೇಕು.

ಮಟ್ಟ ನೋಡುವಾಗ ಅವಸರ ಬೇಡ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಇನ್ನೊಬ್ಬರಿಗೆ ಗಾಡಿ ನೆಟ್ಟಗೆ ಹಿಡಿದುಕೊಳ್ಳಲು ಹೇಳಿ. ಸೈಡ್ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಂತ ಗಾಡಿಯ ಅಳತೆ ಸುಳ್ಳು. ಎಂಜಿನ್ ಮೂರು ನಾಲ್ಕು ನಿಮಿಷ ಓಡಲಿ, ನಿಲ್ಲಿಸಿ, ಮತ್ತೆ ಎರಡು ಮೂರು ನಿಮಿಷ ಬಿಡಿ. ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಡಿಪ್‌ಸ್ಟಿಕ್ ಇದ್ದರೆ ಒರೆಸಿ, ಅದ್ದಿ, ತೆಗೆದು ನೋಡಿ. ಬಹಳಷ್ಟು ಬೈಕುಗಳಲ್ಲಿ ಅಳೆಯುವಾಗ ಅದನ್ನು ತಿರುಗಿಸಿ ಬಿಗಿ ಮಾಡಬಾರದು, ಸುಮ್ಮನೆ ಇಳಿಬಿಡಬೇಕು. ನಿಮ್ಮ ಮಾಡೆಲ್‌ಗೆ ಯಾವುದು ಸರಿ ಎಂದು ಮ್ಯಾನುಯಲ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಗಾಜಿನ ಕಿಂಡಿ ಇದ್ದರೆ ಮಟ್ಟ ಎರಡು ಗೆರೆಗಳ ನಡುವೆ ಇರಬೇಕು, ಮೇಲಿನ ಗೆರೆಗೆ ಹತ್ತಿರವಾಗಿದ್ದರೆ ಒಳ್ಳೆಯದು. ಗೆರೆ ದಾಟಬಾರದು. ಹೆಚ್ಚು ಹೊಯ್ದರೆ ಒಳಗೆ ತಿರುಗುವ ಕ್ರ್ಯಾಂಕ್ ಆ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಗೆ ಬಿಸಿ ಹೊರುವ ಶಕ್ತಿಯೂ ಇಲ್ಲ, ಒತ್ತಡ ತಡೆಯುವ ಶಕ್ತಿಯೂ ಇಲ್ಲ.

ಬೇಸಿಗೆ ಬಂತೆಂದು ದಪ್ಪ ಆಯಿಲ್ ಹಾಕಿಸುವ ರೂಢಿಯೊಂದಿದೆ. ಡಬ್ಬಿಯ ಮೇಲಿನ 10ಡಬ್ಲ್ಯು-30, 20ಡಬ್ಲ್ಯು-50 ಮುಂತಾದವುಗಳಲ್ಲಿ ಎರಡನೆಯ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಸೂಚಿಸುತ್ತದೆ. ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ಗ್ರೇಡ್ ತೋರಿಸುವ ಪಟ್ಟಿ ಮ್ಯಾನುಯಲ್‌ನಲ್ಲಿದ್ದರೆ ಅದರೊಳಗೇ ಆರಿಸಿ. ಪಟ್ಟಿಯಲ್ಲಿ 10ಡಬ್ಲ್ಯು-30 ಒಂದೇ ಇದ್ದರೆ ಅದನ್ನೇ ಹಾಕಿ. ತೆಳು ಆಯಿಲ್‌ಗೆಂದು ಕಟ್ಟಿದ ಎಂಜಿನ್ನಿಗೆ ದಪ್ಪದ್ದು ಸುರಿದರೆ ಅದು ನಿಧಾನವಾಗಿ ಹರಿಯುತ್ತದೆ, ಬಿಸಿಯನ್ನು ನಿಧಾನವಾಗಿಯೇ ಹೊರುತ್ತದೆ. ಗೇರ್ ಮತ್ತು ಕ್ಲಚ್ ಎರಡೂ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುವ ಬೈಕಿಗೆ ಜಾಸೊ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಎಂಎ ಅಥವಾ ಎಂಎ2 ಗುರುತಿನ ಆಯಿಲ್ ಬೇಕು. ಕಾರಿನ ಕೆಲವು ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತುಗಳಿರುತ್ತವೆ. ಅವುಗಳಿಂದ ಕ್ಲಚ್ ಜಾರಿ, ಆ ಜಾರುವಿಕೆಯೇ ಹೊಸ ಬಿಸಿಯ ಮೂಲವಾಗುತ್ತದೆ.

ದಿನವೂ ಟ್ರಾಫಿಕ್‌ನಲ್ಲಿ ತೆವಳುವ ಬೈಕಿಗೆ ಮ್ಯಾನುಯಲ್ ಹೇಳಿದ ಕಿಲೋಮೀಟರ್ ತುಂಬುವವರೆಗೆ ಕಾಯಬೇಡಿ, ಸ್ವಲ್ಪ ಮುಂಚೆಯೇ ಬದಲಿಸಿ. ಮೀಟರ್ ಓಡದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆಯಲ್ಲ.

ಹಂತ 2: ಫಿನ್ ಸ್ವಚ್ಛ ಮಾಡುವುದು

ಏರ್ ಕೂಲ್ಡ್ ಬೈಕಿನವರು ಇದನ್ನು ಬಿಡಲೇಬಾರದು. ಮುಂದಿನ ಚಕ್ರ ಎರಚುವ ಕೆಸರು ನೇರವಾಗಿ ಬಂದು ಕೂರುವುದು ಸಿಲಿಂಡರ್ ಮುಂಭಾಗದ ಫಿನ್‌ಗಳ ಸಂದಿಗೆ. ಅದರ ಮೇಲೆ ಜಿನುಗಿದ ಆಯಿಲ್ ಸೇರಿದರೆ ಗಾರೆಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ಫಿನ್‌ಗಳ ಅಂಚು ಚೊಕ್ಕಟವಾಗಿಯೇ ಕಾಣುತ್ತದೆ. ಟಾರ್ಚ್ ಬಿಟ್ಟು ಸಂದಿಯ ಬುಡ ನೋಡಿದಾಗ ಅರ್ಧ ಆಳ ಮುಚ್ಚಿಹೋಗಿರುವುದು ಗೊತ್ತಾಗುತ್ತದೆ. ಸಿಲಿಂಡರ್‌ಗೆ ಅಂಟಿದ ಆ ಬುಡವೇ ಎಲ್ಲಕ್ಕಿಂತ ಬಿಸಿಯಾದ ಜಾಗ.

ಎಂಜಿನ್ ಪೂರ್ತಿ ಆರಿದ ಮೇಲೆ, ಅಂದರೆ ಅಂಗೈಯನ್ನು ಹೆಡ್ ಮೇಲೆ ನಿರಾಳವಾಗಿ ಇಡುವಂತಾದ ಮೇಲೆ ಶುರು ಮಾಡಿ. ಮರದ ತೆಳು ಕಡ್ಡಿಯಿಂದ ಗಟ್ಟಿ ಕೆಸರನ್ನು ಕೆದಕಿ ಬೀಳಿಸಿ. ಸ್ಕ್ರೂಡ್ರೈವರ್ ಬೇಡ, ಫಿನ್ ಚೂರಾಗಿ ಒಡೆಯುತ್ತದೆ. ಡಿಗ್ರೀಸರ್ ಅಥವಾ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ನೆನೆಯಲು ಬಿಡಿ. ಬಾಟಲಿ ತೊಳೆಯುವ ಉದ್ದ ಬ್ರಷ್‌ನಿಂದ ಪ್ರತಿ ಸಂದಿಯನ್ನೂ ಉಜ್ಜಿ. ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ಗುಂಡಿಯನ್ನು ಮರೆಯಬೇಡಿ, ಆದರೆ ಪ್ಲಗ್ ಬಿಚ್ಚಿ ತೊಳೆಯಬೇಡಿ, ಕೊಳೆ ಒಳಗೆ ಬೀಳುತ್ತದೆ. ಆಮೇಲೆ ಸೋಪು ನೀರು, ಸಾದಾ ನೀರು, ಒಣಬಟ್ಟೆ. ಸೀಮೆಎಣ್ಣೆಯ ಅಂಶ ಉಳಿದಿರುವಾಗ ಸ್ಟಾರ್ಟ್ ಮಾಡಬೇಡಿ.

ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯುವ ಕೆಲಸವನ್ನು ಎಂದೂ ಮಾಡಬೇಡಿ. ಒಂದು ಕಡೆ ತಟ್ಟನೆ ಕುಗ್ಗಿ ಇನ್ನೊಂದು ಕಡೆ ಹಿಗ್ಗಿಯೇ ಇದ್ದರೆ ಹೆಡ್ ಬಾಗಬಹುದು, ಬಿರುಕು ಬಿಡಬಹುದು.

ಜೊತೆಗೆ, ಗಾಳಿಗೆ ಅಡ್ಡ ನಿಂತದ್ದು ಏನೇನು ಎಂದು ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕ್ರ್ಯಾಶ್ ಗಾರ್ಡಿಗೆ ಕಟ್ಟಿದ ಬ್ಯಾಗು, ನೀರಿನ ಬಾಟಲಿ, ದೊಡ್ಡ ಫಾಗ್ ಲ್ಯಾಂಪು, ಜೋತುಬಿದ್ದ ರೇನ್‌ಕೋಟು ಎಲ್ಲವೂ ಫಿನ್‌ಗೆ ಹೋಗಬೇಕಾದ ಗಾಳಿಯನ್ನು ಕದಿಯುತ್ತವೆ. ಅಂದಕ್ಕೆಂದು ಫಿನ್‌ಗಳಿಗೆ ಪದರದ ಮೇಲೆ ಪದರ ಪೇಂಟ್ ಹೊಡೆಸುವುದೂ ಬೇಡ. ಸ್ಕೂಟರ್ ಓಡಿಸುವವರಿಗೆ ನಿಯಮ ಉಲ್ಟಾ. ಏರ್ ಕೂಲ್ಡ್ ಸ್ಕೂಟರಿನಲ್ಲಿ ಎಂಜಿನ್ ಸುತ್ತಲಿನ ಪ್ಲಾಸ್ಟಿಕ್ ಕವಚವೇ ಫ್ಯಾನ್ ಗಾಳಿಯನ್ನು ಫಿನ್‌ಗಳಿಗೆ ತಲುಪಿಸುತ್ತದೆ; ಅದನ್ನು ತೆಗೆದಿಟ್ಟರೆ ತಂಪಾಗುವುದಿಲ್ಲ, ಇನ್ನಷ್ಟು ಕಾಯುತ್ತದೆ.

ಹಂತ 3: ರೇಡಿಯೇಟರ್, ಕೂಲಂಟ್, ಫ್ಯಾನ್

ಏರ್ ಕೂಲ್ಡ್ ಬೈಕಿನವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು.

ಎಂಜಿನ್ ತಣ್ಣಗಿದ್ದಾಗ ರಿಸರ್ವ್ ಟ್ಯಾಂಕಿನಲ್ಲಿ ಕೂಲಂಟ್ 'ಲೋ' ಮತ್ತು 'ಫುಲ್' ಗೆರೆಗಳ ನಡುವೆ ಇರಬೇಕು. ಪದೇ ಪದೇ ಕಡಿಮೆಯಾಗುತ್ತಿದ್ದರೆ ಟಾಪ್ ಅಪ್ ಮಾಡುತ್ತಾ ಕೂರಬೇಡಿ, ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹೋಸ್‌ಗಳ ಕ್ಲಿಪ್ ಬಳಿ, ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದ ಬಳಿ ಒಣಗಿದ ಬಣ್ಣದ ಕಲೆ ಹುಡುಕಿ. ಪಂಪಿನ ಆ ರಂಧ್ರದಿಂದ ಜಿನುಗುತ್ತಿದ್ದರೆ ಒಳಗಿನ ಸೀಲ್ ಹೋಗಿದೆ.

ಕೂಲಂಟ್ ಬದಲು ನಲ್ಲಿ ನೀರು ತುಂಬಿದರೆ ಸಾಲದೇ ಎಂದು ಕೇಳುವವರಿಗೆ ಎರಡು ಮಾತು. ಸಾದಾ ನೀರು 100 ಡಿಗ್ರಿಗೆ ಕುದಿಯುತ್ತದೆ. ಕೂಲಂಟಿನ ಮೂಲವಸ್ತುವಾದ ಗ್ಲೈಕಾಲ್ ಮತ್ತು ನೀರನ್ನು ಸಮಸಮ ಬೆರೆಸಿದ್ದು ಅದಕ್ಕಿಂತ ಆರೇಳು ಡಿಗ್ರಿ ಮೇಲೆ, ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡವೂ ಸೇರಿದರೆ 120 ದಾಟಿದ ಮೇಲೆ ಕುದಿಯುತ್ತದೆ. ಎರಡನೆಯದು, ಗಡಸು ನೀರಿನ ಸುಣ್ಣ ರೇಡಿಯೇಟರಿನ ಸೂಕ್ಷ್ಮ ಕೊಳವೆಗಳಲ್ಲಿ ಪದರಗಟ್ಟುತ್ತದೆ. ತುಕ್ಕು ತಡೆಯುವ ವಸ್ತುಗಳು ಇಲ್ಲದ್ದರಿಂದ ಅಲ್ಯುಮಿನಿಯಂ ಸವೆಯುತ್ತದೆ. ಹಾಗೆಂದು ನೀರೇ ಬೆರೆಸದ ಅಪ್ಪಟ ಗ್ಲೈಕಾಲ್ ಕೂಡ ಸಲ್ಲದು, ಬಿಸಿ ಹೊರುವುದರಲ್ಲಿ ನೀರು ಅದಕ್ಕಿಂತ ಮೇಲು. ಬೆರೆಸಿ ತಯಾರಾಗಿ ಸಿಗುವ ಕೂಲಂಟ್ ತಂದರೆ ತಲೆನೋವಿಲ್ಲ. ನೀವೇ ಬೆರೆಸುವುದಾದರೆ ಡಿಸ್ಟಿಲ್ಡ್ ವಾಟರ್ ಬಳಸಿ. ಬೇರೆ ಬೇರೆ ಬಗೆಯ ಕೂಲಂಟ್‌ಗಳನ್ನು ಒಂದರಲ್ಲೊಂದು ಬೆರೆಸಬೇಡಿ, ಕೆಲವು ಸೇರಿದಾಗ ಲೋಳೆಯಂತೆ ಗಟ್ಟಿಯಾಗುತ್ತವೆ. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಬಗೆಯೂ ಒಂದೇ ಎಂದಲ್ಲ.

ಕೂಲಂಟ್ ಬದಲಿಸಿದ ಮೇಲೆ ಒಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಬೇಕು. ಮುಚ್ಚಳ ತೆರೆದಿಟ್ಟು ತಣ್ಣನೆಯ ಎಂಜಿನ್ ಚಾಲೂ ಮಾಡಿ, ಗುಳ್ಳೆಗಳು ಬರುವುದು ನಿಲ್ಲುವವರೆಗೆ ಗಾಡಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿ. ಮಟ್ಟ ಇಳಿದಷ್ಟೂ ತುಂಬಿ, ಕಾವೇರುವ ಮುಂಚೆಯೇ ಮುಚ್ಚಳ ಹಾಕಿ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನಂತೂ ಮುಟ್ಟಬೇಡಿ. ಒತ್ತಡದಲ್ಲಿದ್ದ ಕೂಲಂಟ್ ಮುಚ್ಚಳ ಸಡಿಲಾದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಅಥವಾ ಸ್ಪ್ರಿಂಗ್ ಸಡಿಲವಾಗಿದ್ದರೆ ಹೊಸದು ಹಾಕಿ. ಎಲ್ಲ ಸರಿಯಿದ್ದೂ ಕುದಿಯುವ ಎಷ್ಟೋ ಗಾಡಿಗಳ ರೋಗ ಈ ಸಣ್ಣ ಮುಚ್ಚಳದಲ್ಲೇ ಇರುತ್ತದೆ.

ರೇಡಿಯೇಟರ್ ಜಾಲರಿಯಲ್ಲಿ ಸಿಕ್ಕ ಹುಳ, ಮಣ್ಣು ತೆಗೆಯಲು ಹಿಂಬದಿಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ತೆಳು ಹಾಳೆಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ, ಕೀ ತೆಗೆದಿಟ್ಟು, ಬ್ಲೇಡನ್ನು ಬೆರಳಿನಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು. ನಂತರ ಬಯಲಲ್ಲಿ ಗಾಡಿ ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟು ಗೇಜ್ ಗಮನಿಸಿ. ಬಹುತೇಕ ಬೈಕುಗಳಲ್ಲಿ ಕೂಲಂಟ್ 100 ಡಿಗ್ರಿ ಆಸುಪಾಸಿಗೆ ಬಂದಾಗ ಫ್ಯಾನ್ ಶುರುವಾಗಿ, ನಾಲ್ಕಾರು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ಎಚ್ಚರಿಕೆ ದೀಪ ಹತ್ತುವ ಹೊತ್ತಾದರೂ ತಿರುಗದಿದ್ದರೆ ಫ್ಯೂಸ್, ಕನೆಕ್ಟರ್, ರಿಲೇ, ಸೆನ್ಸರ್ ಈ ಕ್ರಮದಲ್ಲಿ ನೋಡಿ. ಕೆಸರು ಸೇರಿ ಕನೆಕ್ಟರ್ ಹಸಿರುಗಟ್ಟಿರುವುದು ಸಾಮಾನ್ಯ.

ಹಂತ 4: ಬೆಂಕಿಯೇ ಸರಿಯಾಗಿ ಉರಿಯದಿದ್ದರೆ

ತಣಿಸುವ ವ್ಯವಸ್ಥೆ ಚೆನ್ನಾಗಿದ್ದೂ ಎಂಜಿನ್ ಕಾಯುತ್ತಿದೆ ಎಂದರೆ ಒಳಗೆ ಬಿಸಿಯೇ ಹೆಚ್ಚು ಹುಟ್ಟುತ್ತಿದೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾದ ಮಿಶ್ರಣ ಇದರ ದೊಡ್ಡ ಕಾರಣ. ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಕೊಳವೆ ಬಿರಿದಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರ (ಜೆಟ್) ಕಟ್ಟಿದರೂ, ಇಂಜೆಕ್ಟರ್ ಕೊಳೆಯಾದರೂ ಇದೇ ಪಾಡು. ಸದ್ದಿಗಾಗಿ ಹೊರಗಿನ ಸೈಲೆನ್ಸರ್ ಹಾಕಿಸಿ, ಇಂಧನದ ಹೊಂದಾಣಿಕೆ ಮಾಡಿಸದೆ ಬಿಟ್ಟವರ ಬೈಕುಗಳಲ್ಲೂ ಈ ತೊಂದರೆ ಬರುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಸುಳಿವು ಸಿಗುತ್ತದೆ. ತುದಿ ಕಾಫಿಪುಡಿಯ ತಿಳಿಗಂದು ಬಣ್ಣಕ್ಕಿದ್ದರೆ ಸರಿ. ಸುಣ್ಣದಂತೆ ಬಿಳಿಚಿಕೊಂಡು ಸಣ್ಣ ಬೊಕ್ಕೆ ಎದ್ದಿದ್ದರೆ ಅತಿ ಬಿಸಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಅಲ್ಲಿ ಏರ್ ಫಿಲ್ಟರ್ ಕಟ್ಟಿರಬಹುದು. ಹೊಸ ಪ್ಲಗ್ ತರುವಾಗ ತಿರುಪಿನ ಚೂಡಿ ಹೊಂದಿದರೆ ಸಾಲದು, ಕಂಪನಿ ಹೇಳಿದ ನಂಬರ್ರೇ ಬೇಕು. ತುದಿಯ ಬಿಸಿಯನ್ನು ಹೆಡ್ಡಿಗೆ ಎಷ್ಟು ಬೇಗ ದಾಟಿಸುತ್ತದೆ ಎನ್ನುವುದು ಆ ನಂಬರಿನಲ್ಲಿ ಅಡಗಿದೆ.

ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಡುವ ಸಣ್ಣ ಸಂದಿಯ ವಿಷಯವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಕಳೆದುಕೊಳ್ಳುವುದು ಸೀಟಿನ ಮೇಲೆ ಒತ್ತಿ ಕೂತಾಗ. ಕ್ಲಿಯರೆನ್ಸ್ ಬಿಗಿಯಾದರೆ ಅದು ಪೂರ್ತಿ ಕೂರುವುದೇ ಇಲ್ಲ, ಅಂಚು ಸುಡುತ್ತದೆ. ವಾಲ್ವಿನ ಟಕಟಕ (ಟಪ್ಪೆಟ್) ಸದ್ದು ಬಂದರೆ ಕೂಡಲೇ ಬಿಗಿ ಮಾಡಿಸುವವರು ಇದನ್ನು ನೆನಪಿಡಿ: ಸಣ್ಣಗೆ ಸದ್ದು ಮಾಡುವ ವಾಲ್ವಿಗಿಂತ ಸದ್ದೇ ಇಲ್ಲದ ಬಿಗಿ ವಾಲ್ವು ಹೆಚ್ಚು ಅಪಾಯ.

ಇನ್ನು ಹೊರೆ ಹೆಚ್ಚಿಸುವ ಸಣ್ಣಪುಟ್ಟವು: ಹಿಡಿದುಕೊಂಡ ಬ್ರೇಕ್, ಬಿಗಿಯಾದ ಚೈನ್, ಗಾಳಿ ಕಮ್ಮಿಯಾದ ಟೈರ್. ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಬ್ರೇಕ್, ಚೈನ್ ಎರಡರ ಸ್ಥಿತಿಯೂ ಗೊತ್ತಾಗುತ್ತದೆ. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿದ್ದಾಗಲೇ ನೋಡಿ. ಓಡಿ ಬಿಸಿಯಾದಾಗ ಹೆಚ್ಚು ತೋರಿಸಿತೆಂದು ಇಳಿಸಬೇಡಿ.

ಹಂತ 5: ಓಡಿಸುವ ರೀತಿ

ಸಿಗ್ನಲ್‌ನಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಏರ್ ಕೂಲ್ಡ್ ಬೈಕನ್ನು ಆಫ್ ಮಾಡಿ. ಲಿಕ್ವಿಡ್ ಕೂಲ್ಡ್ ಬೈಕಿನಲ್ಲಿ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಅದು ನಿಲ್ಲುವವರೆಗೆ ಬಿಡುವುದು ಮೇಲು, ಯಾಕೆಂದರೆ ಎಂಜಿನ್ ನಿಂತೊಡನೆ ಕೂಲಂಟ್ ಪಂಪೂ ನಿಲ್ಲುತ್ತದೆ. ದೀಪ ಹತ್ತಿದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಹಾಫ್ ಕ್ಲಚ್‌ನಲ್ಲಿ ತೆವಳುವುದು ಬಿಡಿ. ಮುಂದಿನ ಗಾಡಿಗೆ ಸ್ವಲ್ಪ ಜಾಗ ಬಿಟ್ಟು, ಒಮ್ಮೆ ಪೂರ್ತಿ ಕ್ಲಚ್ ಬಿಟ್ಟು ಮುಂದೆ ಹೋಗಿ ನಿಲ್ಲಿ. ಮೈಲೇಜ್ ಆಸೆಗೆ ಕಡಿಮೆ ವೇಗದಲ್ಲಿ ಮೇಲಿನ ಗೇರ್ ಹಾಕಿ ಎಂಜಿನ್ ಗುದ್ದಾಡುವಂತೆ ಮಾಡುವುದು ಬಿಸಿಲಲ್ಲಿ ತುಂಬಾ ದುಬಾರಿ. ಆಯಿಲ್ ಪಂಪ್ ನಿಧಾನವಾಗಿರುತ್ತದೆ, ಹೊರೆ ಪೂರ್ತಿ ಇರುತ್ತದೆ. ಏರಿನಲ್ಲಿ ಒಂದು ಗೇರ್ ಇಳಿಸಿ.

ಹೆದ್ದಾರಿಯಲ್ಲಿ ವೇಗ 80ರಿಂದ 100ಕ್ಕೆ ಏರಿತೆಂದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಚಿಕ್ಕ ಎಂಜಿನ್ನಿನ ಬೈಕ್ ಮಧ್ಯಾಹ್ನದ ಬಿಸಿಲಲ್ಲಿ, ಇಬ್ಬರನ್ನು ಹೊತ್ತು, ಆಕ್ಸಿಲರೇಟರ್ ಕೊನೆಯವರೆಗೂ ತಿರುಚಿಕೊಂಡು ಓಡುತ್ತಿದ್ದರೆ ಹತ್ತು ಕಿಲೋಮೀಟರ್ ವೇಗ ಇಳಿಸುವುದೇ ದೊಡ್ಡ ಉಪಚಾರ. ಇಷ್ಟು ಕಿಲೋಮೀಟರಿಗೊಮ್ಮೆ ಎಂಜಿನ್ ಆರಿಸಲೇಬೇಕು ಎಂಬ ನಂಬಿಕೆಗೆ ಮಾತ್ರ ಆಧಾರ ಕಡಿಮೆ. ಒಂದೇ ವೇಗದಲ್ಲಿ ಓಡುವ ಎಂಜಿನ್ ಸ್ವಲ್ಪ ಹೊತ್ತಿಗೆಲ್ಲ ಒಂದು ಬಿಸಿಗೆ ಬಂದು ಅಲ್ಲೇ ನಿಲ್ಲುತ್ತದೆ. ವಿರಾಮ ಬೇಕಾದದ್ದು ಸವಾರನಿಗೆ. ಜೋರಾಗಿ ಓಡಿಸಿ ಬಂದಾಗ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ. ಓಡುವ ಗಾಳಿಯೇ ಅದನ್ನು ತಣಿಸುತ್ತದೆ.

ದಾರಿಯಲ್ಲಿ ಕಾದು ನಿಂತರೆ

1. ಎಂಜಿನ್ ಬಿಗಿಹಿಡಿದಂತೆ ಅನ್ನಿಸಿದ ಕ್ಷಣವೇ ಕ್ಲಚ್ ಹಿಡಿಯಿರಿ. ಸೀಜ್ ಆದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳುವ ಅಪಾಯವಿದೆ. ಹಾಗೇ ತೇಲಿಕೊಂಡು ಪಕ್ಕಕ್ಕೆ ಬನ್ನಿ.
2. ಟೆಂಪರೇಚರ್ ದೀಪ ಹತ್ತಿದರೂ ಆಯಿಲ್ ದೀಪ ಹತ್ತಿದರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆಯಿಲ್ ದೀಪವಾದರೆ ಇನ್ನೊಂದು ತಿರುವಿನವರೆಗೂ ಹೋಗಬೇಡಿ. ಎಂಜಿನ್ ನಿಂತ ಮೇಲೆ ಕೀ ಆನ್ ಇದ್ದಾಗ ಫ್ಯಾನ್ ತಿರುಗುವ ಬೈಕ್ ಆದರೆ ಸ್ವಲ್ಪ ಹೊತ್ತು ತಿರುಗಲಿ.
3. ಕನಿಷ್ಠ ಅರ್ಧ ಗಂಟೆ ನೆರಳಲ್ಲಿ ಬಿಡಿ. ನೀರು ಬೇಡ, ಒದ್ದೆ ಬಟ್ಟೆಯೂ ಬೇಡ.
4. ಆರಿದ ಮೇಲೆ ಆಯಿಲ್ ಮಟ್ಟ, ರಿಸರ್ವ್ ಟ್ಯಾಂಕ್, ನೆಲದ ಮೇಲೆ ಬಿದ್ದ ಹನಿ ನೋಡಿ. ಕೂಲಂಟ್ ಸಿಗದ ಕಡೆ ಶುದ್ಧ ಕುಡಿಯುವ ನೀರು ಹಾಕಿ ಮನೆಯವರೆಗೆ ಬರಬಹುದು, ಆಮೇಲೆ ಪೂರ್ತಿ ಬಸಿದು ಹೊಸ ಕೂಲಂಟ್ ತುಂಬಿಸಿ.
5. ಆಯಿಲ್ ಹಾಲು ಬೆರೆಸಿದಂತೆ ಮಾಸಲಾಗಿದ್ದರೆ, ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ರಿಸರ್ವ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಸಿಲಿಂಡರ್ ನಡುವಿನ ಸೀಲ್) ಹೋಗಿರಬಹುದು. ಸ್ಟಾರ್ಟ್ ಮಾಡದೆ ಗಾಡಿಯನ್ನು ಹೊತ್ತೊಯ್ಯುವ ವ್ಯವಸ್ಥೆ ಮಾಡಿ.

ಒಮ್ಮೆ ಜೋರಾಗಿ ಕಾದ ಎಂಜಿನ್ನಿನ ಆಯಿಲನ್ನು, ಹಾಕಿಸಿ ವಾರವಷ್ಟೇ ಆಗಿದ್ದರೂ ಬದಲಿಸಿಬಿಡಿ. ಬಸಿದ ಆಯಿಲನ್ನು ಅಗಲ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿ. ಲೋಹದ ಮಿರುಗುವ ಪುಡಿ ಕಂಡರೆ, ಅಥವಾ ಆಮೇಲೆ ಪಿಕಪ್ ಕಮ್ಮಿಯಾಗಿ ನೀಲಿ ಹೊಗೆ ಬರತೊಡಗಿದರೆ, ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳತೆ ಮಾಡಿಸಿದ ಮೇಲಷ್ಟೇ ದೂರದ ಪ್ರಯಾಣಕ್ಕೆ ಹೊರಡಿ.